ಒತ್ತದ ಬ್ರೇಕು

ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಾಗಲೂ ಚಾಚಾರ ಬಲಗಾಲಿನ ಪಾದ ಆಗಾಗ ನೆಲವನ್ನು ಗಟ್ಟಿಯಾಗಿ ಒತ್ತುತ್ತಿತ್ತು. ಯಲ್ಲಾಪುರದಲ್ಲಿ ನಮ್ಮ ಪಕ್ಕದ ಮನೆಯವರು. ಆಯುಷ್ಯವೆಲ್ಲ ಲಾರಿ ಓಡಿಸಿದವರು. ನನಗೆ ಕಾರು ಕಲಿಸಿದ್ದೂ ಅವರೇ. ‘ಅಕ್ಕೋರೇ, ಗೇರ್ ಏನು ಬದನೆಕಾಯಿ ಅಲ್ಲ, ಹಿಚುಕಿ ನೋಡಬ್ಯಾಡ್ರಿ’ ಎಂದು, ಶಾಲೆಯಲ್ಲಿ ಮಕ್ಕಳನ್ನು ಗದರಿಸುವ ನನ್ನನ್ನೇ ಗದರಿಸುತ್ತಿದ್ದರು.

ಊರಲ್ಲಿ ಅವರಿಗೆ ನಿಯತ್ತಿನ ಮನುಷ್ಯ ಎಂದು ಹೆಸರು. ಹಾಗೆ ಯಾರಾದರೂ ಹೊಗಳಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ‘ನಿಮ್ಮ ಮಾತಿನಾಗ ನಿಯತ್ತು ಅಂದ್ರೆ ಪ್ರಾಮಾಣಿಕತನ. ನಮ್ಮ ಉರ್ದು ಮಾತಿನಾಗ ಮನಸ್ಸಿನ ಇರಾದೆ. ನಂದು ಅಲ್ಲೇ ಕೆಟ್ಟೈತ್ರಿ’ ಎಂದು ಒಮ್ಮೆ ಹೇಳಿದರು.

ಆಗಿದ್ದು ಇಷ್ಟೇ. ಅವರ ಮಗಳನ್ನು ಗಂಡ ಹೊಡೆದು ಬಡಿದು ಮಾಡುತ್ತಿದ್ದ. ಚಾಚಾ ಹೋಗಿ ಅವಳನ್ನು ಮನೆಗೆ ಕರೆತಂದರು. ಆಮೇಲೊಂದು ಮಧ್ಯಾಹ್ನ, ಅವನ ಊರಾದ ಕಿರವತ್ತಿಯ ಹತ್ತಿರ, ಅದೇ ಅಳಿಯ ಫೋನಿನಲ್ಲಿ ಮಾತಾಡುತ್ತ ಇವರ ಲಾರಿಯೆದುರು ರಸ್ತೆಗಿಳಿದ. ‘ಬ್ರೇಕ್ ಒತ್ತೂದಿಲ್ಲ ಅಂತ ಮನಸ್ಸು ಮಾಡಿಬಿಟ್ಟೆ. ಅಷ್ಟರಾಗ ಯಾರೋ ಕೂಗಿದ್ರು, ಅವನೇ ಹಿಂದ ಸರಿದ.’ ಲಾರಿ ಅದರ ಪಾಡಿಗೆ ಮುಂದೆ ಹೋಯಿತು. ಓಡಿಸುತ್ತಿದ್ದವರು ಯಾರೆಂದು ಅವನು ನೋಡಲೂ ಇಲ್ಲ. ಆ ವಾರವೇ ಚಾಚಾ ಲಾರಿ ಓಡಿಸುವುದನ್ನು ಬಿಟ್ಟರು. ಪಾದ ನೆಲ ಒತ್ತತೊಡಗಿದ್ದು ಅಂದಿನಿಂದ.

‘ಏನೂ ಆಗ್ಲಿಲ್ವಲ್ಲ ಚಾಚಾ, ಮನಸ್ಸಿಗೆ ಬಂದಿದ್ದೆಲ್ಲ ಪಾಪ ಆದ್ರೆ ನಾವ್ಯಾರೂ ಉಳಿಯೋದಿಲ್ಲ’ ಎಂದೆ.

‘ಬಂದು ಹೋಗೂದು ಬ್ಯಾರೆ ರೀ. ನಾ ಅದನ್ನ ಕುಂದ್ರಿಸಿಕೊಂಡಿದ್ದೆ.’

ಇದೇ ಮಾತನ್ನು ವರ್ಷಗಟ್ಟಲೆ ಆಡಿದೆವು. ಸಮಾಧಾನ ಹೇಳಿ ಹೇಳಿ ನನಗೂ ಸಾಕಾಗಿತ್ತು. ಹೊಡೆದವನಿಗೆ ಇಲ್ಲದ ನಾಚಿಕೆ ಇವರಿಗೇಕೆ ಎಂದು ಸಿಟ್ಟೂ ಬರುತ್ತಿತ್ತು.

ಕೊನೆಗೆ ಒಂದು ದಿನ ಕಿರವತ್ತಿಗೇ ಹೋಗಿ ಅಳಿಯನ ಮುಂದೆ ನಿಂತು ‘ಮಾಫ್ ಮಾಡು’ ಎಂದರಂತೆ. ಮಗಳನ್ನು ಕರೆದೊಯ್ದದ್ದಕ್ಕೆ ಕೇಳುತ್ತಿದ್ದಾರೆಂದು ತಿಳಿದ ಆ ಪುಣ್ಯಾತ್ಮ, ‘ಹೋಗ್ಲಿ ಬಿಡ್ರಿ ಮಾಮಾ, ಆಕಿನ್ನ ಕಳಿಸಿಕೊಡ್ರಿ’ ಎಂದನಂತೆ. ‘ಕಳಿಸೂದಿಲ್ಲ’ ಎಂದಷ್ಟೇ ಹೇಳಿ ಚಾಚಾ ಬಸ್ಸು ಹತ್ತಿದರು.

‘ಬ್ಯಾರೆ ತಪ್ಪಿಗೆ ಮಾಫಿ ಸಿಕ್ತು ಅಕ್ಕೋರೇ’ ಎಂದು ನಕ್ಕರು. ಬಹಳ ದಣಿದಿದ್ದರು. ಮತ್ತೆ ಆ ಮಾತು ತೆಗೆಯಲಿಲ್ಲ. ಪಾದ ಮಾತ್ರ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಮೇಲೂ ಒತ್ತುತ್ತಲೇ ಇತ್ತು.

ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಅಳಿಯನೂ ಬಂದಿದ್ದ. ‘ನಮ್ಮ ಮಾಮಾ ಭಾರಿ ನಿಯತ್ತಿನ ಮನುಷ್ಯ’ ಎಂದು ಅಂಗಳದಲ್ಲಿ ನಿಂತು ಅತ್ತ.

‘ಹೌದು’ ಎಂದೆ. ನನ್ನ ಮಾತಿನಲ್ಲೂ ಹೌದು, ಚಾಚಾರ ಮಾತಿನಲ್ಲೂ ಹೌದು. ಕೇಳಬೇಕಾಗಿದ್ದ ಅವರಿಗೆ ಮಾತ್ರ ಕೇಳಿಸಲಿಲ್ಲ.