ಗದ್ದದ ಮೇಲಿನ ಅಗುಳು

ಅಗುಳು ಒಂದೇ. ಕೆಳತುಟಿಯಿಂದ ಒಂದು ಬೆರಳಗಲ ಕೆಳಗೆ, ಗದ್ದದ ಎಡಭಾಗದಲ್ಲಿ ಅಂಟಿಕೊಂಡಿತ್ತು. ಒಂದು ತುದಿಗೆ ಸಾರಿನ ಬಣ್ಣ ಹತ್ತಿತ್ತು, ಇನ್ನೊಂದು ತುದಿ ಒಣಗಿ ಗಟ್ಟಿಯಾಗಿತ್ತು. ಉಗುರಿನಿಂದ ಎಬ್ಬಿಸಬೇಕಾಯಿತು. ನಾನು ಅದನ್ನು ನೋಡಿದ್ದು ಬ್ಯಾಂಕಿನ ಬಾತ್‌ರೂಮಿನ ಕನ್ನಡಿಯಲ್ಲಿ, ಮೂರೂವರೆ ಗಂಟೆಗೆ. ಊಟ ಮಾಡಿದ್ದು ಒಂದೂವರೆಗೆ.

ಮಧ್ಯಾಹ್ನದ ಮೇಲೂ ಗಿರಾಕಿಗಳಿಗೆ ತೆರೆದಿರುತ್ತಿದ್ದ ಶಾಖೆ ಅದು. ಆ ಎರಡು ಗಂಟೆಗಳಲ್ಲಿ ಎಷ್ಟು ಜನ ನನ್ನ ಕೌಂಟರಿನ ಮುಂದೆ ನಿಂತಿದ್ದರೋ ಗೊತ್ತಿಲ್ಲ. ಒಬ್ಬರು ಮಾತ್ರ ನೆನಪಿದ್ದಾರೆ. ಪಾಸ್‌ಬುಕ್ ಹಿಡಿದ ಒಬ್ಬ ಮುದುಕರು ನನ್ನ ಮುಖವನ್ನೇ ನೋಡುತ್ತ, ತಮ್ಮ ಗದ್ದವನ್ನು ಎರಡು ಸಲ ಸವರಿಕೊಂಡಿದ್ದರು. ನಾನು ಅದನ್ನು ಅಸಭ್ಯತೆ ಎಂದುಕೊಂಡೆ. ಇನ್ನೇನು ಬೇಕು ಎಂದು ಬಿಗಿದ ದನಿಯಲ್ಲಿ ತೆಲುಗಿನಲ್ಲಿ ಕೇಳಿದೆ. ಅವರು "ಏಮೀ ಲೇದಮ್ಮಾ" (ಏನೂ ಇಲ್ಲಮ್ಮ) ಎಂದು ತಲೆ ತಗ್ಗಿಸಿ ಹೊರಟುಹೋದರು. ಕನ್ನಡಿಯ ಮುಂದೆ ನಿಂತಾಗ ಅವರ ಕೈ ಏನು ಹೇಳುತ್ತಿತ್ತು ಎಂಬುದು ತಿಳಿಯಿತು.

ಅದು ಎಂಬತ್ತರ ದಶಕದ ಕೊನೆಯ ಭಾಗ. ವಿಜಯವಾಡದಲ್ಲಿ ನಾನು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಅಪ್ಪ ನೌಕಾದಳದ ಉಗ್ರಾಣದಲ್ಲಿ ಕೆಲಸದಲ್ಲಿದ್ದರು; ಅಪ್ಪ ಅಮ್ಮ ಇದ್ದದ್ದು ವಿಶಾಖಪಟ್ಟಣದ ಕ್ವಾರ್ಟರ್ಸಿನಲ್ಲಿ. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ನಾನೂ ಅಲ್ಲಿಗೆ ಹೋಗಿದ್ದೆ. ಕೆಲಸದ ಆದೇಶ ಬರುವ ಮುಂಚೆ, ಅಲ್ಲಿಯೇ, ನನ್ನ ದವಡೆಯ ಶಸ್ತ್ರಚಿಕಿತ್ಸೆ ಆಗಿತ್ತು.

ನನ್ನ ಕೆಳದವಡೆ ಮುಂದಕ್ಕಿತ್ತು. ಅದಕ್ಕಾಗಿ ಯಾರೂ ನನ್ನನ್ನು ಆಡಿಕೊಂಡಿರಲಿಲ್ಲ. ಅಣ್ಣನ ಮದುವೆಯ ಆಲ್ಬಮ್ಮಿನಲ್ಲಿ ಪಕ್ಕದಿಂದ ತೆಗೆದ ನನ್ನ ಫೋಟೋ ಒಂದಿತ್ತು, ಅಷ್ಟೆ. ಅದನ್ನು ನೋಡಿದ ಮೇಲೆ ಎರಡು ವರ್ಷ ನಾನು ಯಾರ ಪಕ್ಕದಲ್ಲೂ ಕೂರಲಿಲ್ಲ, ಎದುರಿಗೇ ಕೂರುತ್ತಿದ್ದೆ. ಅಪ್ಪನಿಗೆ, ಅಗಿಯುವುದಕ್ಕೆ ಕಷ್ಟವಾಗುತ್ತದೆ ಎಂದು ಹೇಳಿದೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ತುಟಿ ಮತ್ತು ಗದ್ದದ ಸ್ಪರ್ಶ ಹೋಗಬಹುದು, ಬರದೆಯೂ ಇರಬಹುದು ಎಂದು ಆಸ್ಪತ್ರೆಯ ಕಾಗದದಲ್ಲಿ ಬರೆದಿತ್ತು. ಅಪ್ಪ ಕನ್ನಡಕ ಹುಡುಕುತ್ತಿದ್ದಾಗ ನಾನು ಸಹಿ ಹಾಕಿ ಮಡಚಿಟ್ಟೆ.

ದವಡೆಯನ್ನು ಎರಡೂ ಕಡೆ ಕತ್ತರಿಸಿ, ಹಿಂದಕ್ಕೆ ಸರಿಸಿ ಕೂರಿಸಿದರು. ಆರು ವಾರ ಮೇಲಿನ ಹಲ್ಲು ಕೆಳಗಿನ ಹಲ್ಲು ತಂತಿಯಿಂದ ಕಟ್ಟಿದ್ದವು. ಅಮ್ಮ ಗಂಜಿ ಸೋಸಿ ಕೊಡುತ್ತಿದ್ದಳು. ಅಕ್ಕಪಕ್ಕದವರಿಗೆ ಹಲ್ಲಿನ ಕೀವು ಎಂದು ಹೇಳಿದ್ದಳು. ತಂತಿ ಬಿಚ್ಚಿದ ಮೇಲೆ ಎಲ್ಲರೂ ಮುಖಕ್ಕೆ ಕಳೆ ಬಂದಿದೆ ಎಂದರು. ನಿಜವೇ, ಬಂದಿತ್ತು. ಆದರೆ ಕೆಳತುಟಿ, ಗದ್ದ ಎರಡೂ ನನಗೆ ಸುದ್ದಿ ಹೇಳುವುದನ್ನು ನಿಲ್ಲಿಸಿದ್ದವು. ಬೆರಳಿನಿಂದ ಮುಟ್ಟಿದರೆ ಬೆರಳಿಗೆ ಗದ್ದ ತಿಳಿಯುತ್ತಿತ್ತು, ಗದ್ದಕ್ಕೆ ಬೆರಳು ತಿಳಿಯುತ್ತಿರಲಿಲ್ಲ. ಒಂದು ಭಾನುವಾರ ಭೀಮುನಿಪಟ್ಟಣದ ದಂಡೆಗೆ ಹೋಗಿದ್ದಾಗ ಸಮುದ್ರದ ಗಾಳಿ ಹಣೆಗೆ, ಕೆನ್ನೆಗೆ, ಮೇಲ್ತುಟಿಗೆ ಬಡಿದು ಅಲ್ಲಿಗೇ ನಿಂತುಹೋಯಿತು. ಅಮ್ಮ ಸೆರಗಿನಿಂದ ನನ್ನ ಬಾಯಿಯ ಅಂಚು ಒರೆಸಿದಳು. ಐಸ್‌ಕ್ರೀಮು ಇಳಿದಿತ್ತು.

ಡಾಕ್ಟರು ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ ಎಂದಿದ್ದರು. ಪ್ರತಿ ಬೆಳಿಗ್ಗೆ ಬಾಚಣಿಗೆಯ ತುದಿಯಿಂದ ಗದ್ದವನ್ನು ಚುಚ್ಚಿ ನೋಡುತ್ತಿದ್ದೆ. ಅಮ್ಮ ಅಡುಗೆಮನೆಯಿಂದ "ಇವತ್ತು?" ಎಂದು ಕೇಳುವಳು. "ಇಲ್ಲ" ಎನ್ನುತ್ತಿದ್ದೆ. ವರ್ಷ ಕಳೆಯಿತು. ಅವಳು ಕೇಳುವುದನ್ನು ಬಿಟ್ಟಳು. ನಾನೇ ಬೇಡಿ ತಂದುಕೊಂಡದ್ದು. ದೂರುವುದಕ್ಕೆ ನನಗೆ ಯಾರೂ ಇರಲಿಲ್ಲ.

ಅಗುಳು ಕಂಡ ಮಾರನೆಯ ದಿನ ನಾನು ಊಟದ ಕೋಣೆಗೆ ಹೋಗಲಿಲ್ಲ. ನಮ್ಮ ಶಾಖೆಯಲ್ಲಿ ಊಟವೆಂದರೆ ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕುವುದು. ಎಂಟು ಜನ ಒಂದು ಉದ್ದ ಮೇಜಿನ ಸುತ್ತ ಮೊಣಕೈಗೆ ಮೊಣಕೈ ತಾಗುವಂತೆ ಕೂರುತ್ತಿದ್ದರು. ಅಲ್ಲಿ ತುತ್ತಿಗೊಂದು ಸಲ ಮುಖ ಒರೆಸಿಕೊಳ್ಳುವುದು ಸಾಧ್ಯವಿರಲಿಲ್ಲ.

ನನ್ನನ್ನು ಕರೆಯಲು ಬಂದವರು ಠೇವಣಿ ವಿಭಾಗದ ಅಧಿಕಾರಿಣಿ. ಧಾರವಾಡದ ಕಡೆಯವರು, ಐವತ್ತು ದಾಟಿದವರು. ಬಡ್ತಿಯ ಮೇಲೆ ವರ್ಗವಾಗಿ ಬಂದು ಒಬ್ಬರೇ ಇದ್ದರು; ಗಂಡ ಹುಬ್ಬಳ್ಳಿಯಲ್ಲಿ, ಮದುವೆಯಾದ ಒಬ್ಬಳೇ ಮಗಳು ಗದಗಿನಲ್ಲಿ. ಶಾಖೆಯಲ್ಲಿ ಕನ್ನಡದವರು ನಾವಿಬ್ಬರೇ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

"ಯಾಕ ತಂಗಿ, ಊಟಕ್ಕ ಏಳಂಗಿಲ್ಲೇನ? ಬಾ, ಐದ ರೊಟ್ಟಿ ತಂದೇನಿ. ಇವರ ಗೋಂಗೂರ ಚಟ್ನಿ ಹಚ್ಚಿ ತಿಂದ್ರ ನಮ್ಮ ಜ್ವಾಳಾನೂ ತೆಲುಗು ಮಾತಾಡ್ತದ."

"ಇಲ್ಲ ಅಕ್ಕ. ಒಪ್ಪತ್ತು ಹಿಡಿದಿದ್ದೀನಿ. ಇನ್ನು ರಾತ್ರಿಯೇ ಊಟ."

ಆ ಮಾತು ಹೇಗೆ ಬಾಯಿಗೆ ಬಂತೋ ತಿಳಿಯದು. ಅಜ್ಜಿ ದಿನಕ್ಕೆ ಒಂದೇ ಹೊತ್ತು ಉಣ್ಣುವ ಒಪ್ಪತ್ತು ಮಾಡುತ್ತಿದ್ದಳು, ಅದು ನೆನಪಿಗೆ ಬಂದಿರಬೇಕು.

"ಒಪ್ಪತ್ತ? ಈ ವಯಸ್ಸಿನ್ಯಾಗ? ಎಷ್ಟ ದಿನಾ?"

"ಒಂದು ಮಂಡಲ. ನಲವತ್ತೆಂಟು ದಿನ."

"ಏನ ಬೇಡ್ಕೊಂಡೀ?"

ನಾನು ತಲೆ ತಗ್ಗಿಸಿದೆ. ಅವರು ಅದನ್ನು ಮದುವೆಯ ವಿಷಯ ಎಂದುಕೊಂಡರು. "ಹೇಳಬ್ಯಾಡ, ಹೇಳಬ್ಯಾಡ. ಹೇಳಿದ್ರ ಫಲಾ ಹೋಗ್ತದ" ಎಂದು ನನ್ನ ಬೆನ್ನು ತಟ್ಟಿ ಹೋದರು.

ಸಂಜೆಯೊಳಗೆ ಇಡೀ ಶಾಖೆಗೆ ಗೊತ್ತಾಯಿತು. ಊರಿನ ಬೆಟ್ಟದ ಮೇಲಿನ ದೇವಿ ಅಮ್ಮನವರಿಗೇ ಹರಕೆ ಎಂದು ಅವರವರೇ ತೀರ್ಮಾನಿಸಿಕೊಂಡರು. ಕ್ಯಾಷಿಯರು ನನ್ನನ್ನು ಕಂಡಾಗಲೆಲ್ಲ ಕೈ ಮುಗಿದು, "ಮೇಡಂ ಗಾರೂ, ಮ್ಯಾನೇಜರಿಗೆ ಟ್ರಾನ್ಸ್‌ಫರ್ ಆಗಲಿ ಅಂತ ನಮ್ಮ ಪರವಾಗಿಯೂ ಒಂದು ಹರಕೆ ಕಟ್ಟಿಕೊಳ್ಳಿ" ಎಂದು ತೆಲುಗಿನಲ್ಲಿ ತಮಾಷೆ ಮಾಡುವರು. ಮ್ಯಾನೇಜರ್ ಕೂಡ ನಕ್ಕರು. ಯಾರೂ ನನ್ನನ್ನು ಊಟಕ್ಕೆ ಕರೆಯಲಿಲ್ಲ. ನನಗೆ ಬೇಕಾಗಿದ್ದದ್ದೂ ಅಷ್ಟೇ.

ಊಟವನ್ನು ನಾನು ಬಿಟ್ಟಿರಲಿಲ್ಲ. ಹಿಂದುಗಡೆ ಹಳೆಯ ಲೆಡ್ಜರುಗಳನ್ನು ಇಡುವ ಕೋಣೆಯಿತ್ತು, ಅದರ ಬೀಗದ ಕೈ ನನ್ನ ಬಳಿ ಇರುತ್ತಿತ್ತು. ಎರಡೂವರೆಗೆ ಅಲ್ಲಿ ಹೋಗಿ, ಕಟ್ಟುಗಳ ನಡುವೆ ಅಂಗೈಯಗಲದ ಕನ್ನಡಿ ನಿಲ್ಲಿಸಿ, ಅದನ್ನು ನೋಡುತ್ತ ಹತ್ತು ನಿಮಿಷದಲ್ಲಿ ತಿಂದು ಮುಗಿಸುತ್ತಿದ್ದೆ. ತಿನ್ನುವಾಗ ತನ್ನ ಮುಖ ತಾನೇ ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸವಲ್ಲ. ರುಚಿ ತಿಳಿಯುವುದಿಲ್ಲ.

ಮಂಡಲ ಮುಗಿಯುತ್ತ ಬಂದಾಗ ನಾನು ಇನ್ನೊಂದು ಹಿಡಿಯುತ್ತೇನೆ ಎಂದೆ. ಅಕ್ಕ ಆ ದಿನ ನನ್ನ ಮೇಜಿನ ಬಳಿ ಕುರ್ಚಿ ಎಳೆದುಕೊಂಡು ಕೂತರು.

"ನಿನ್ನ ವ್ರತದಾಗ ನನ್ನ ಮಗಳ ಸಲುವಾಗಿ ಒಂದ ಮಾತ ಹಾಕ್ತಿಯೇನವಾ? ಎರಡ ಸಲ ಬಸುರು ಉಳೀಲಿಲ್ಲ. ಈಗ ಏಳ ತುಂಬ್ಯಾವ. ನನ್ನ ಮಾತ ದೇವ್ರು ಕೇಳೂದಿಲ್ಲ, ನಾ ಬರೇ ಉಂಡು ನೆನಸಾಕಿ."

"ಹಾಕ್ತೀನಿ ಅಕ್ಕ" ಎಂದೆ.

ಮರುದಿನ ಅವರೂ ಊಟದ ಕೋಣೆಗೆ ಹೋಗಲಿಲ್ಲ.

"ನನ್ನ ಮಗಳಿಗಾಗಿ ನೀ ಹಸಗೊಂಡ ಇರೂದು, ನಾ ರೊಟ್ಟಿ ಮುರಕೋತ ಕೂಡೂದು, ಅದ್ಹೆಂಗ?"

"ನಿಮಗೆ ಶುಗರ್ ಇದೆ ಅಕ್ಕ. ಬೇಡಿ."

"ಗುಳಿಗಿ ನುಂಗತೇನಲ್ಲ. ಎರಡ ತಿಂಗಳ ಮಾತು."

ಗುಳಿಗೆ ನುಂಗಿ ಊಟ ಬಿಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನನ್ನ ಅಜ್ಜಿಗೂ ಅದೇ ಕಾಯಿಲೆ. ಆ ಕ್ಷಣವೇ ಹೇಳಬಹುದಾಗಿತ್ತು. ಹೇಳಿದ್ದರೆ ಗದ್ದದ ವಿಷಯ ಹೇಳಬೇಕಾಗುತ್ತಿತ್ತು. ದಿನಕ್ಕೆರಡು ಸಲ "ಹಾಲಾದರೂ ಕುಡೀರಿ" ಎನ್ನುತ್ತಿದ್ದೆ. "ನೀ ಕುಡಿದ್ರ ಕುಡೀತೇನಿ" ಎನ್ನುತ್ತಿದ್ದರು. ನಾನು ಕುಡಿಯುತ್ತಿರಲಿಲ್ಲ, ಅವರೆದುರಿಗೆ ಕುಡಿದರೆ ಲೋಟದ ಅಂಚಿನಿಂದ ಹಾಲು ಇಳಿಯುವುದು ಕಾಣುತ್ತಿತ್ತು. ಎರಡೂವರೆಯಾದರೆ ಲೆಡ್ಜರ್ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಗೋಡೆಯ ಆಚೆ ಅವರ ಮೇಜು. ಅವರ ಕೆಮ್ಮು ಕೇಳಿಸುತ್ತಿತ್ತು. ಹತ್ತೊಂಬತ್ತು ದಿನ ನಾನು ಹೀಗೆ ಉಂಡೆ.

ಇಪ್ಪತ್ತನೆಯ ದಿನ ಚಿತ್ರಾನ್ನ ತಂದಿದ್ದೆ. ಅರ್ಧ ತಿಂದಿರಬೇಕು, ಆಚೆ ಕುರ್ಚಿ ಉರುಳಿದ ಸದ್ದಾಯಿತು. ಆಮೇಲೆ ಕ್ಯಾಷಿಯರು ನನ್ನ ಬಾಗಿಲು ಬಡಿದು, "ಮೇಡಂ, ಬೇಗ ಬನ್ನಿ!" ಎಂದು ಕೂಗಿದರು. ಕನ್ನಡಿ ನೋಡದೆ, ಬಾಯಿ ಮಾತ್ರ ಒರೆಸಿಕೊಂಡು ಓಡಿದೆ.

ಅಕ್ಕ ನೆಲದ ಮೇಲಿದ್ದರು. ರವಿಕೆ ಬೆವರಿನಿಂದ ಒದ್ದೆಯಾಗಿತ್ತು, ಕೈ ನಡುಗುತ್ತಿತ್ತು. "ಸಕ್ಕರೆ ನೀರು" ಎಂದು ನಾನು ಕೂಗಿದೆ. ಯಾರೋ ತಂದರು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಿಂದ ಹಾಕಿದೆ. ಎಂಟ್ಹತ್ತು ಚಮಚ ಇಳಿದು ಸ್ವಲ್ಪ ಹೊತ್ತಾದ ಮೇಲೆ ಅವರ ನೋಟ ಸ್ಥಿಮಿತಕ್ಕೆ ಬಂತು. ನನ್ನನ್ನು ಗುರುತಿಸಿದರು. ನೋಡುತ್ತಲೇ ಇದ್ದರು. ಆಮೇಲೆ ಕೈಯೆತ್ತಿ ನನ್ನ ಮುಖದ ಹತ್ತಿರ ತಂದರು. ನನಗೆ ಏನೂ ತಿಳಿಯಲಿಲ್ಲ. ಕೈ ಕೆಳಗಿಳಿದಾಗ ಅವರ ತೋರುಬೆರಳಿನ ತುದಿಯಲ್ಲಿ ಹಳದಿ ಅಗುಳೊಂದು ಇತ್ತು.

ಅವರು ಅದನ್ನು ನೋಡಿದರು. ಸುತ್ತ ಆರು ಜನ ನಿಂತಿದ್ದರು. ಅಕ್ಕ ಬೆರಳು ಮಡಚಿ ಮುಷ್ಟಿ ಮುಚ್ಚಿಕೊಂಡರು.

ಮ್ಯಾನೇಜರು ಡಾಕ್ಟರನ್ನು ಕರೆಸಿದರು. ಊಟ ತಪ್ಪಿಸಬಾರದು, ಈ ಸಲ ಬದುಕಿದ್ದು ಪುಣ್ಯ ಎಂದು ಅವರು ಬೈದು ಹೋದರು. ನಾನು ಅಕ್ಕನನ್ನು ಆಟೋದಲ್ಲಿ ಮನೆಗೆ ಬಿಟ್ಟೆ. ಪಕ್ಕದ ಮನೆಯಾಕೆಗೆ ನೋಡಿಕೊಳ್ಳಲು ಹೇಳಿ ಹಿಂತಿರುಗಿದೆ. ಇಳಿಯುವಾಗಲೂ ಅವರ ಬಲಗೈ ಮುಷ್ಟಿಯಾಗಿಯೇ ಇತ್ತು, ಅಥವಾ ನನಗೆ ಹಾಗೆ ಕಂಡಿತು.

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಅನ್ನಕ್ಕಿಟ್ಟೆ, ಬೇಳೆಸಾರು ಮಾಡಿದೆ. ಡಬ್ಬಿ ಕಟ್ಟಿಕೊಂಡೆ. ಕನ್ನಡಿಯನ್ನು ಕಿಟಕಿಯ ಮೇಲೇ ಬಿಟ್ಟೆ. ಎಂಟು ಗಂಟೆಗೆ ಅಕ್ಕನ ಬಾಗಿಲು ತಟ್ಟಿದೆ.

ಅವರು ಬಾಗಿಲು ತೆಗೆದು, ಗೋಡೆಗೊರಗಿ ಚಾಪೆಯ ಮೇಲೆ ಕೂತರು. ಮುಖ ಸಣ್ಣದಾಗಿತ್ತು.

"ನಿನ್ನಿ ಹಸಿವಿ ತಡೀಲಾರದ ಉಂಡಿ, ಹೌದಲ್ಲ?" ಎಂದರು. ದನಿಯಲ್ಲಿ ಕೋಪವಿರಲಿಲ್ಲ. "ನಾನೂ ನಿನ್ನ ವಯಸ್ಸಿನ್ಯಾಗ ಮುರದೇನಿ. ಅದಕ್ಕೇನಿಲ್ಲ. ಆದ್ರ ನೀ ಮುರದದ್ದು ನನ್ನ ಮಗಳಿಗೆ ತಟ್ಟೂದಿಲ್ಲಲಾ? ಅದೊಂದ ಹೇಳು."

ಅವರು ಅಷ್ಟು ಹೊತ್ತೂ ಅದನ್ನೇ ಯೋಚಿಸಿದ್ದರು.

"ಮುರಿಯೋದಕ್ಕೆ ವ್ರತವೇ ಇರಲಿಲ್ಲ ಅಕ್ಕ."

ಎಲ್ಲವನ್ನೂ ಹೇಳಿದೆ. ಫೋಟೋ, ದವಡೆ, ಸಹಿ, ಪಾಸ್‌ಬುಕ್ಕಿನ ಮುದುಕರು, ಲೆಡ್ಜರ್ ಕೋಣೆ. ಅಮ್ಮನ ಹೊರತು ಇನ್ನೊಬ್ಬರ ಮುಂದೆ ನಾನು ಅದನ್ನು ಹೇಳಿದ್ದು ಅದೇ ಮೊದಲು. "ನಿನ್ನೆ ನೀವು ಮುಟ್ಟಿದ್ದು ನನಗೆ ಗೊತ್ತಾಗಲಿಲ್ಲ. ಕಣ್ಣಿಂದ ನೋಡಿ ತಿಳಿದೆ" ಎಂದೆ.

ಅವರು ಚಾಪೆಯ ಅಂಚಿನಿಂದ ಒಂದು ಎಳೆ ಕಿತ್ತರು.

"ಹಂಗಾದ್ರ ನನ್ನ ಮಗಳ ಸಲುವಾಗಿ ನೀ ದೇವರಿಗೆ ಒಂದ ದಿನಾನೂ ಏನೂ ಕೇಳಿಲ್ಲ."

"ಇಲ್ಲ ಅಕ್ಕ."

"ನಾ ನಿನ್ನ ಸಲುವಾಗಿ ಕೇಳ್ತಿದ್ದೆ. ಈ ಹುಡುಗಿ ಏನ ಬೇಡ್ಯಾಳೋ ನನಗ ಗೊತ್ತಿಲ್ಲ, ಅದ ಸಿಗಲಿ ಅಂತ. ದಿನಾ ಕೇಳ್ತಿದ್ದೆ."

ನಾನು ಡಬ್ಬಿಯ ಮುಚ್ಚಳ ತೆಗೆದೆ. "ಗುಳಿಗೆ ತಗೊಂಡ್ರಾ?" ಎಂದು ಕೇಳಿದೆ.

"ತಗೊಂಡೇನಿ."

"ಹಾಗಾದ್ರೆ ಊಟ ಮಾಡ್ಬೇಕು."

ಗೂಡಿನಿಂದ ಎರಡು ತಟ್ಟೆ ತೆಗೆದೆ. ಇಬ್ಬರಿಗೂ ಅನ್ನ ಬಡಿಸಿ ಸಾರು ಹಾಕಿದೆ. ಅವರು ತಟ್ಟೆ ಮುಟ್ಟಲಿಲ್ಲ. ನಾನು ಅವರೆದುರು ಕೂತು ಕಲಸಿ, ಮೊದಲ ತುತ್ತು ಬಾಯಿಗಿಟ್ಟೆ. ಸಾರಿನ ಬಿಸಿ ಮೇಲ್ತುಟಿಗೆ ತಿಳಿಯಿತು, ಕೆಳತುಟಿಗೆ ಇಲ್ಲ. ಎರಡನೆಯ ತುತ್ತಿಗೆ ಅಕ್ಕನ ಕಣ್ಣು ನನ್ನ ಗದ್ದಕ್ಕೆ ಇಳಿದು ಅಲ್ಲೇ ನಿಂತಿತು. ಅವರು ಕೈ ಎತ್ತಲಿಲ್ಲ. ಕರವಸ್ತ್ರ ನನ್ನ ಚೀಲದಲ್ಲಿತ್ತು. ನಾನು ಅದನ್ನು ತೆಗೆಯಲಿಲ್ಲ.

ಮೂರನೆಯ ತುತ್ತು ನುಂಗಿದಾಗ ಅವರು ತಟ್ಟೆಯನ್ನು ಹತ್ತಿರ ಎಳೆದುಕೊಂಡು ಅನ್ನ ಕಲಸತೊಡಗಿದರು. ನಾನು ತಲೆಯೆತ್ತಿಯೇ ನಾಲ್ಕನೆಯದನ್ನು ಉಂಡೆ.