ರಾಜಧಾನಿಯ ಎಮ್ಮೆ

ನಾನು ಹುಟ್ಟಿದ್ದು ರಾಜಧಾನಿಯಲ್ಲಿ. ದಿಲ್ಲಿಯಲ್ಲ, ಕುರುಗೋಡಿನಲ್ಲಿ. ನಗಬೇಡಿ. ಎಂಟುನೂರು ವರ್ಷಗಳ ಹಿಂದೆ, ಇಲ್ಲಿ ರಾಜರು ಆಳುತ್ತಿದ್ದಾಗ ಬಂದಿದ್ದರೆ ನೀವೂ ತಲೆ ಬಗ್ಗಿಸಿಯೇ ಒಳಗೆ ಬರಬೇಕಾಗಿತ್ತು. ನಮ್ಮ ಮನೆಗಾದರೆ ಈಗಲೂ ಹಾಗೆಯೇ ಬರಬೇಕು. ಬಾಗಿಲು ಅಷ್ಟು ಗಿಡ್ಡ.

ಈ ರಾಜ್ಯದ ಅರ್ಥವ್ಯವಸ್ಥೆ ಬಹಳ ಸರಳ. ಬೆಳಗಿನ ಬಸ್ಸಿಗೆ ಜನರನ್ನು ಬಳ್ಳಾರಿಗೆ ರಫ್ತು ಮಾಡುತ್ತೇವೆ, ಸಂಜೆಯ ಬಸ್ಸಿಗೆ ಅವರನ್ನೇ ಆಮದು ಮಾಡಿಕೊಳ್ಳುತ್ತೇವೆ. ತುಂಗಭದ್ರೆಯ ಕಾಲುವೆ ಬಂದಾಗ ಸಿರುಗುಪ್ಪದ ಕಡೆಯವರು ಭತ್ತ ಬೆಳೆದು ಟ್ರ್ಯಾಕ್ಟರ್ ಕೊಂಡರು. ನಮ್ಮ ಹೊಲ ಮಾತ್ರ ಕಾಲುವೆಗಿಂತ ಎರಡಾಳು ಎತ್ತರದಲ್ಲಿತ್ತು. ರಾಜಧಾನಿಯವರು ನೀರಿಗಾಗಿ ಕೆಳಗಿಳಿಯುವುದುಂಟೆ!

ಇಂಥ ಸಾಮ್ರಾಜ್ಯದ ಪ್ರಜೆಯಾದ ನನಗೆ ಮೂವತ್ತು ತುಂಬಿದರೂ ಹೆಣ್ಣು ಸಿಗಲಿಲ್ಲ. ಎಪ್ಪತ್ತರ ದಶಕದ ಆರಂಭದ ಮಾತು. ಹುಡುಗಿ ಒಪ್ಪಿಗೆಯಾದ ಮೇಲೆ ಅವಳ ಕಡೆಯವರು ಗಂಡಿನ ಮನೆ ನೋಡಲು ಬರುವುದು ನಮ್ಮಲ್ಲಿಯ ಪದ್ಧತಿ. ಮೂರು ಮನೆತನದವರು ಬಂದರು, ಸೋರುವ ಮಣ್ಣಿನ ಮಾಳಿಗೆಯನ್ನು ನೋಡಿದರು, ಚಹಾ ಕುಡಿದರು, ಹೋದರು. ಚಹಾ ಚೆನ್ನಾಗಿತ್ತೆಂದು ಮೂವರೂ ಹೇಳಿಕಳಿಸಿದ್ದರು.

ನಾಲ್ಕನೆಯ ಸಂಬಂಧ ಸಿರುಗುಪ್ಪದ ಕಡೆಯ ಹಚ್ಚೊಳ್ಳಿಯದು. ಆ ಹುಡುಗಿಯನ್ನು ನೋಡಿ ಬಂದ ದಿನದಿಂದ ನನಗೆ ಅನ್ನ ಸೇರುತ್ತಿರಲಿಲ್ಲ. ಇದನ್ನರಿತ ಸೋದರಮಾವ ಕಣಕ್ಕಿಳಿದರು. ಅವರು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನೆಲೆಸಿ ಇಪ್ಪತ್ತು ವರ್ಷವಾಗಿತ್ತು. ಊರಿನ ಅಭಿಮಾನ ಊರು ಬಿಟ್ಟವರಲ್ಲೇ ಸೊಂಪಾಗಿ ಬೆಳೆಯುತ್ತದೆ.

"ಮನಿ ಯಾಕ ತೋರಸ್ತೀಯಲೇ? ರಾಜ್ಯ ತೋರಸೋಣು. ಬಿಸಿಲಾಗ ತಿರುಗಿ ದಣಿದ ಮಂದಿಗೆ ಮಾಳಿಗಿ ಎಲ್ಲಿ ಕಾಣತೈತಿ?" ಎಂದರು.

ಟ್ರ್ಯಾಕ್ಟರಿನಲ್ಲಿ ಒಂಬತ್ತು ಜನ ಬಂದಿಳಿದರು. ಮುಂದಾಳು ಹುಡುಗಿಯ ಅಜ್ಜಿ. ಮಾಳಿಗೆಯ ದೆಸೆಯಿಂದ ಮೂರು ಸಂಬಂಧ ತಪ್ಪಿದ ಸುದ್ದಿ ಕಾಲುವೆಯ ನೀರಿಗಿಂತ ಬೇಗ ಹಚ್ಚೊಳ್ಳಿ ಮುಟ್ಟಿದೆಯೆಂದು ನಮಗೇನು ಗೊತ್ತು? ಮಾವ ಅವರನ್ನು ಸೀದಾ ಕೋಟೆಯ ಗುಡ್ಡದ ಬುಡಕ್ಕೆ ಒಯ್ದು ರಾಜರ ವಂಶಾವಳಿ ಒಪ್ಪಿಸಿದರು.

"ಆ ರಾಜರ ಮನಿ ಎಲ್ಲ್ಯದಾವ್ರಿ?" ಎಂದಳು ಅಜ್ಜಿ.

"ಎಲ್ಲಾ ಬಿದ್ದು ಹೋದ್ವು ಅಮ್ಮಾರ."

"ಅವೂ ಸೋರ್ತಿದ್ವೇನು?"

ಮಾವ ಕೇಳಿಸದವರಂತೆ ದೊಡ್ಡ ಬಸವಣ್ಣನ ಗುಡಿಯ ಕಡೆ ನಡೆದರು. ಅಲ್ಲಿ ಅಜ್ಜಿ ಭಕ್ತಿಯಿಂದ ಕೈಮುಗಿದು, "ಬಸವಣ್ಣ ಭಾಳ ದೊಡ್ಡಾಂವ. ಹುಡುಗನ ಮನಿ ಎಷ್ಟು ದೊಡ್ಡದೈತಿ?" ಎಂದಳು. ಈ ಸಂಬಂಧವೂ ತಪ್ಪಿತೆಂದುಕೊಂಡೆ. ಮಾವ ಮಾತ್ರ ಸೋಲೊಪ್ಪದೆ ಕೊನೆಯ ಆಕರ್ಷಣೆಗೆ ಹೊರಟರು: ಕೆತ್ತನೆಯ ಕಂಬಗಳಿದ್ದ, ದೇವರು ಎಂದೋ ಖಾಲಿ ಮಾಡಿಹೋದ ಒಂದು ಕಲ್ಲಿನ ಗುಡಿ.

ಒಳಗೆ ಕಂಬಕ್ಕೆ ಕಟ್ಟಿದ ಎಮ್ಮೆಯೊಂದು ಮೆಲುಕು ಹಾಕುತ್ತಿತ್ತು.

"ಈ ಊರಿನ ಮಂದಿಗೆ ಇತಿಹಾಸದ ಕಿಮ್ಮತ್ತ ಗೊತ್ತಿಲ್ರಿ!" ಮಾವ ಸಿಡಿದೆದ್ದರು. "ಯಾವ ಅಡ್ನಾಡಿ ಕಟ್ಯಾನಿದನ್ನ?"

"ಎಮ್ಮಿ ನಮ್ದ, ಮಾವ," ಎಂದೆ. ಆ ದಿನ ನಾನಾಡಿದ ಮೊದಲ ಮಾತು ಅದು. ಮಾವ ನನ್ನ ಕಾಲು ತುಳಿದರು. ಅಷ್ಟರಲ್ಲಿ ಉಳಿದದ್ದೂ ಬಾಯಿಂದ ಬಿದ್ದಿತ್ತು: "ಮನ್ಯಾಗ ಸೋರತೈತಿ. ಎಮ್ಮಿಗೆ ಥಂಡಿ ಹತ್ತಬಾರ್ದಂತ ಅವ್ವ ಇಲ್ಲಿ ಕಟ್ಯಾಳ."

ಅಜ್ಜಿ ಒಳಗೆ ಹೋದಳು. ಕಂಬದ ಸುಂದರಿಯರತ್ತ ಕಣ್ಣೆತ್ತಲಿಲ್ಲ. ಎಮ್ಮೆಯ ಕಿವಿ ಮಡಚಿ ಉಣ್ಣೆಹುಳ ಹುಡುಕಿದಳು, ಒಂದೂ ಸಿಗಲಿಲ್ಲ. ಎಣ್ಣೆ ಸವರಿದಂತಿದ್ದ ಮೈಮೇಲೆ ಕೈಯಾಡಿಸಿ ಹೊರಗೆ ಬಂದಳು.

"ತಾವು ಸೋರೋದ್ರಾಗ ಮಲಗಿ ಎಮ್ಮಿನ್ನ ಕಲ್ಲಿನ ಗುಡ್ಯಾಗ ಇಟ್ಟಾರ. ಇಂಥೋರು ಸೊಸಿನ್ನ ತೋಯಿಸ್ತಾರೇನು? ನಡೀರಿ, ಚಾ ಕುಡಿಯೋಣು."

ಮನೆಗೆ ಬಂದವಳು ಮಾಳಿಗೆಯ ಕಡೆ ತಲೆಯೆತ್ತಲೇ ಇಲ್ಲ. ಅವ್ವ ಕೊಟ್ಟ ಚಹಾದಲ್ಲಿ ಹಾಲು ಎಷ್ಟು ಗಟ್ಟಿಯೆಂದಷ್ಟೇ ನೋಡಿದಳು.

ಕುರುಗೋಡಿನ ಇತಿಹಾಸದ ಬಲದಿಂದಲೇ ನನ್ನ ಮದುವೆಯಾಯಿತೆಂದು ಮಾವ ಬದುಕಿರುವವರೆಗೂ ಬಳ್ಳಾರಿಯ ತುಂಬ ಹೇಳಿಕೊಂಡು ತಿರುಗಿದರು. ನಾನೂ ತಿದ್ದಲಿಲ್ಲ. ರಾಜರಿಗೂ ಏನಾದರೊಂದು ಸಾಧನೆ ಬೇಡವೆ? ಯಾರಾದರೂ ಬಂದು, ನಿಮ್ಮೂರಲ್ಲಿ ನೋಡುವಂಥದ್ದೇನಿದೆ ಎಂದು ಕೇಳಿದಾಗ ನಾನು ಗಂಟಲು ಸರಿಮಾಡಿಕೊಂಡು ಮೊದಲ ರಾಜನಿಂದಲೇ ಶುರುಮಾಡುತ್ತೇನೆ. ಎರಡನೆಯ ರಾಜ ಪಟ್ಟಕ್ಕೇರುವ ಮೊದಲೇ ಒಳಗಿನಿಂದ ನನ್ನ ಹೆಂಡತಿಯ ಧ್ವನಿ ಬರುತ್ತದೆ:

"ನೋಡುವಂಥದ್ದು ಒಂದಿತ್ರಿ. ಹಾಲು ಕೊಡತಿತ್ತು."