ಬಸವಣ್ಣೆಮ್ಮನ ಹುಣಸೆಬೀಜದ ಪಂದ್ಯ

ಮೀಸೆ ಬಂದ ಮೇಲೆ ಒಂಟಿ ಕಾಲಲ್ಲಿ ಕುಂಟಿದವನಿಗೇ ಗೊತ್ತು ಆ ಅವಮಾನ. ಐವತ್ತೇಳರ ಸುಗ್ಗಿ ಮುಗಿದ ಮೇಲೆ ಜಡೆ ಎಂಬ ಊರಿನ ಗದ್ದೆಯಲ್ಲಿ ನಡೆದ ಚಿಣ್ಣಿದಾಂಡಿನ ಪಂದ್ಯದಲ್ಲಿ ನಾವು ಬಳ್ಳಿಗಾವಿಯವರು ಸೋತೆವು. ಸೋತವರು ಗದ್ದೆಯ ಆ ತುದಿಯಿಂದ ಚಿಣ್ಣಿ ಎಬ್ಬಿಸುವ ಕುಳಿಯವರೆಗೆ ಕುಂಟಬೇಕೆಂಬುದು ಕರಾರು. ನೋಡಲು ಜಡೆಯ ಊರಿಗೂರೇ ಬದುವಿನ ಮೇಲೆ ಕೂತಿತ್ತು. ನಾನೂ ಕುಂಟಿದೆ. ಎಲ್ಲರಿಗಿಂತ ಮುಂದೆ ಪಂಚೆ ಎತ್ತಿಕಟ್ಟಿ ಕುಂಟಿದವರು ನಮ್ಮ ತಂಡದ ಮುಖಂಡ ವೀರಬಸಪ್ಪಣ್ಣ. ಅದೂ ಹೆಂಡತಿಯ ತವರೂರಿನಲ್ಲಿ, ಗೆದ್ದ ಭಾಮೈದನ ಕಣ್ಣೆದುರು!

ಆ ಹೆಂಡತಿಯೇ ಬಸವಣ್ಣೆಮ್ಮ, ನಮಗೆಲ್ಲ ಅತ್ತಿಗೆ. ಹುಡುಗಿಯಾಗಿದ್ದಾಗ ತಮ್ಮ ಪರಮಶಿವಪ್ಪನ ಜತೆ ಅವರು ಚಿಣ್ಣಿ ಹೊಡೆದದ್ದೇ ಹೊಡೆದದ್ದು. ಸೀರೆ ಉಟ್ಟ ಮೇಲೆ ದಾಂಡು ಕೈಬಿಟ್ಟಿತು, ಹುಚ್ಚು ಬಿಡಲಿಲ್ಲ. ಚೌಕಾಬಾರ ಆಡುವ ಹುಣಸೆಬೀಜಗಳಲ್ಲೇ, ಮೊದಲು ತವರಿನಲ್ಲಿ ತಮ್ಮನ ಜತೆ, ಆಮೇಲೆ ನಮ್ಮೂರಿನಲ್ಲಿ, ಪಂದ್ಯ ಆಡಿಸತೊಡಗಿದರು. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಬಟ್ಟೆಯ ಗಂಟು, ಅದರೊಳಗೆ ಒಂದು ಹಿಡಿ ಹುಣಸೆಬೀಜ. ಚೆನ್ನಾಗಿ ಹೊಡೆಯುವವನ ಗಂಟಿನಲ್ಲಿ ಹೆಚ್ಚು ಬೀಜಗಳನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡುವುದು. ಕೈಲಾಗದವನಿಗೆ ಒಂದೋ ಎರಡೋ. ಚಿಣ್ಣಿ ಹಿಡಿಯುವ ಕೈಚಳಕಕ್ಕೆ ಬೇರೆ ಗಂಟು. ಹೊಡೆಯುವವನದನ್ನೂ ಹಿಡಿಯುವವನದನ್ನೂ ನೆಲಕ್ಕೆ ಎಸೆದಾಗ ಯಾರ ಕಡೆ ಬಿಳಿ ಹೆಚ್ಚೋ ಅವನು ಗೆದ್ದ. ಒಮ್ಮೆ ಕದ್ದು ನನ್ನ ಗಂಟು ಬಿಚ್ಚಿ ನೋಡಿದೆ. ಅಷ್ಟೂ ಕಪ್ಪು! ಅವತ್ತು ಸಿಟ್ಟಿಗೆ ಅವರ ಮನೆಯ ಮಜ್ಜಿಗೆಯನ್ನೂ ಮುಟ್ಟಲಿಲ್ಲ.

ಐವತ್ತೆಂಟರಲ್ಲಿ ಜಡೆಯವರು ನಮ್ಮೂರಿಗೆ ಬರುವ ಸರದಿ. ನಮ್ಮ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಅದು ಕುಳಿಗೆ ಎದುರಾಗಿ, ತೀರ ಹತ್ತಿರ ನಿಲ್ಲುವ ಜಾಗ. ಅಲ್ಲಿ ಚಿಣ್ಣಿ ರೆಪ್ಪೆ ಬಡಿಯುವುದರೊಳಗೆ ಮೈಮೇಲೆ ಬರುತ್ತದೆ. ಹಿಡಿದರೆ ಹೊಡೆದವನು ಔಟು. ಆದರೆ ಅಲ್ಲಿ ನಿಂತವನೂ ತನ್ನ ಸರದಿಯಲ್ಲಿ ದಾಂಡು ಬೀಸಬೇಕಲ್ಲ, ಫಜೀತಿ ಅದೇ. ಆ ಜಾಗಕ್ಕೆ ನಮ್ಮೂರಿನ ಇಬ್ಬರ ಹೆಸರಿತ್ತು. ಹನುಮಂತಪ್ಪ ಹೊಡೆದರೆ ಚಿಣ್ಣಿ ಕೆರೆ ಏರಿ ದಾಟುತ್ತಿತ್ತು. ಹಿಡಿಯಲು ಹೋದರೆ ಕೈಗೆ ಎಣ್ಣೆ ಹಚ್ಚಿಕೊಂಡವನ ಹಾಗೆ. ಬೆನಕಪ್ಪ ಹೊಡೆದದ್ದು ಅವನ ಕಾಲ ಬುಡದಲ್ಲೇ ಬೀಳುತ್ತಿತ್ತು. ಆದರೆ ಹೆಂಚು ಹೊದಿಸುವಾಗ ಮನೆಯ ಮೇಲೆ ಕೂತು, ಕೆಳಗಿನಿಂದ ಎಸೆದ ಹೆಂಚು ಹಿಡಿಯುವವನು ಅವನೇ. ಅವನ ಕೈಜಾರಿ ಒಂದು ಹೆಂಚು ಒಡೆದದ್ದನ್ನು ನಾನು ಕಂಡಿಲ್ಲ.

"ಹನುಮಂತಪ್ಪನೇ ಸೈ. ದೂರ ಹೊಡದ್ರೆ ತಾನೆ ಗೆಲ್ಲಾದು?" ಎಂದರು ವೀರಬಸಪ್ಪಣ್ಣ, ತಮ್ಮ ಮನೆಯ ಪಡಸಾಲೆಯಲ್ಲಿ ಕೂತು. ನಾವೆಲ್ಲ ತಲೆಯಾಡಿಸಿದೆವು. ಹೊಡೆಯುವವನಿಗೆ ಜೈಕಾರ, ಹಿಡಿಯುವವನನ್ನು ಕೇಳುವವರಿಲ್ಲ. ನಮ್ಮೂರಿನ ಬುದ್ಧಿಯೇ ಅಷ್ಟು.

"ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗ್ಲು ಹಾಕ್ತೀರೇನ್ರೀ?" ಒಳಗಿನಿಂದ ಅತ್ತಿಗೆ ಗಂಟುಗಳನ್ನು ಮಡಿಲಲ್ಲಿ ತುಂಬಿಕೊಂಡೇ ಬಂದರು. "ಮೊದ್ಲು ನನ್ ತಮ್ಮನ್ನ ಔಟ್ ಮಾಡೋರ್ಯಾರು, ಅದ್ನ ಹೇಳ್ರಿ."

ಪಡಸಾಲೆಯಲ್ಲಿ ಬೀಜದ ಪಂದ್ಯ ಶುರುವಾಯಿತು. ಎದುರಿಗೆ ಹನುಮಂತಪ್ಪನನ್ನು ನಿಲ್ಲಿಸಿದರೆ ಪರಮಶಿವಪ್ಪ ಹೊಡೆದೇ ಹೊಡೆದ. ಹನುಮಂತಪ್ಪ ತನ್ನ ಸರದಿಯಲ್ಲಿ ಎಷ್ಟು ಹೊಡೆದರೂ ಆ ಲೆಕ್ಕ ತುಂಬಲಿಲ್ಲ. ಬೆನಕಪ್ಪನನ್ನು ನಿಲ್ಲಿಸಿ ಎಸೆದಾಗ ಕೆಲವು ಆಟ ಸೋತೆವು, ಹೆಚ್ಚು ಗೆದ್ದೆವು. ನಾವು ಊಟ ಮರೆತು "ಇನ್ನೊಂದ್ಸಲ, ಇನ್ನೊಂದ್ಸಲ" ಎಂದು ಕೂಗುತ್ತಿದ್ದೆವು.

"ನನ್ ತಮ್ಮ ಅವಸರದಾಗೆ ಎಡಕ್ಕೇ ಹೊಡೀತಾನೆ, ಮೊಣಕಾಲೆತ್ರಕ್ಕೆ. ಸಣ್ಣೋನಿದ್ದಾಗಿಂದ ಹಂಗೇ," ಎಂದ ಅತ್ತಿಗೆ ಫಕ್ಕನೆ ಗಂಡನ ಮುಖ ನೋಡಿದರು. "ಇದ್ನ ನಾನೇ ಹೇಳಿದ್ದು ಅಂತ ಗೊತ್ತಾದ್ರೆ ಪಂಚಮಿಗೆ ಕರಿಯಾಕೆ ಬರ್ತಾನೇನ್ರೀ?"

ಅತ್ತಿಗೆಯ ಅಪ್ಪ ಅವ್ವ ತೀರಿಹೋಗಿದ್ದರು. ತವರು ಅಂದರೆ ಆ ತಮ್ಮನೊಬ್ಬನೇ.

"ಆದ್ರೂ ಬೆನಕಪ್ಪನ್ನೇ ನಿಲ್ಸ್ರಿ," ಎಂದರು ಅತ್ತಿಗೆ. "ನೀವು ಕುಂಟಾದು ಇನ್ನೊಂದ್ಸಲ ನೋಡಾಕೆ ನನ್ ಕೈಲಾಗಲ್ಲ."

ಪಂದ್ಯದ ದಿನ ಜಡೆಯವರು ಲಾರಿ ತುಂಬ ಬಂದಿಳಿದರು. ಮೊದಲು ನಮ್ಮ ಹೊಡೆತ. ಬೆನಕಪ್ಪನ ಚಿಣ್ಣಿ ಎಂದಿನಂತೆ ಕಾಲ ಬುಡದಲ್ಲೇ ಬಿತ್ತು. ಬದುವಿನ ಮೇಲೆ ಕೂತಿದ್ದ ಹನುಮಂತಪ್ಪ ಎಲ್ಲರಿಗೂ ಕೇಳುವಂತೆ ನಕ್ಕ. ನನಗೂ ಹುಣಸೆಬೀಜ ನಂಬಿ ಕೆಟ್ಟೆವಲ್ಲಪ್ಪ ಅನ್ನಿಸಿತು. ಆಮೇಲೆ ಜಡೆಯವರ ಸರದಿ. ಒಬ್ಬೊಬ್ಬರೇ ಔಟಾಗಿ ಕೊನೆಗೆ ಪರಮಶಿವಪ್ಪ ಬಂದ. ಅಬ್ಬಬ್ಬಾ, ಏನು ಹೊಡೆತ! ಚಿಣ್ಣಿ ಹುಡುಕುವುದೇ ನಮಗೆ ಕೆಲಸವಾಯಿತು. ದಾಂಡಿನಿಂದ ನೆಲ ಅಳೆದಳೆದು ಅವರ ಎಣಿಕೆ ನಮ್ಮದರ ಬೆನ್ನಿಗೇ ಬಂತು. ಇನ್ನೊಂದು ಏಟು ಬಿದ್ದರೆ ಮತ್ತೆ ನಾವು ಕುಂಟಬೇಕು.

ಪರಮಶಿವಪ್ಪ ಚಿಣ್ಣಿಯ ತುದಿ ಮೀಟಿ ಎಬ್ಬಿಸಿದ. ಬೀಸಿದ. ಎಡಕ್ಕೆ, ಮೊಣಕಾಲೆತ್ತರಕ್ಕೆ!

"ಹಿಡ್ಕಳೋ ಬೆನಕಪ್ಪಾ!"

ಕೂಗಿದ್ದು ಹೆಂಗಸರ ಕಡೆಯಿಂದ. ತಲೆಯ ಮೇಲಿನ ಸೆರಗು ಜಾರಿದ್ದರ ಅರಿವೂ ಇಲ್ಲದೆ ಅತ್ತಿಗೆ ಎದ್ದು ನಿಂತಿದ್ದರು. ಬೆನಕಪ್ಪ ಅಡ್ಡಕ್ಕೆ ಹಾರಿಬಿದ್ದು ಮೇಲೆದ್ದಾಗ ಚಿಣ್ಣಿ ಅವನ ಮುಷ್ಟಿಯಲ್ಲಿತ್ತು. ನಾವು ಅವನನ್ನು ಹೊತ್ತುಕೊಂಡು ಕುಣಿದೆವು. ಹನುಮಂತಪ್ಪನೂ ಬಂದು ಹೆಗಲು ಕೊಟ್ಟ. ವೀರಬಸಪ್ಪಣ್ಣ ಮಾತ್ರ ಹೆಂಡತಿಯ ಕಡೆ ನೋಡುತ್ತಿದ್ದರು. ಪರಮಶಿವಪ್ಪ ಅಕ್ಕನ ಮುಂದೆಯೇ ಕುಂಟುತ್ತ ಹೋದ, ತಲೆ ಎತ್ತಲಿಲ್ಲ.

ಅಂದಿನಿಂದ ಅತ್ತಿಗೆ ಆ ಗಂಟುಗಳನ್ನು ಮುಟ್ಟಲಿಲ್ಲ. ಪಂಚಮಿ ಹತ್ತಿರ ಬಂತು. ಓಣಿಯ ಸೊಸೆಯರೆಲ್ಲ ಅಣ್ಣತಮ್ಮಂದಿರ ಜತೆ ತವರಿಗೆ ಹೊರಟರು. ಹಬ್ಬದ ಹಿಂದಿನ ದಿನ ನಾನು ಅವರ ಜಗಲಿಯಲ್ಲಿ ಕೂತಿದ್ದಾಗ ಪರಮಶಿವಪ್ಪ ಬಂದ. ಕೊಟ್ಟ ನೀರನ್ನೂ ಕುಡಿಯಲಿಲ್ಲ.

"ಅಕ್ಕಾ, ನನ್ ಗಂಟು ತಗಂಡ್ ಬಾ."

ಅತ್ತಿಗೆ ತಂದುಕೊಟ್ಟರು. ಅವನು ಬಿಚ್ಚಿ ಅಂಗೈಗೆ ಸುರುವಿಕೊಂಡ. ಒಂದೊಂದನ್ನೇ ಹೊರಳಿಸಿ ನೋಡಿದ. ಉಜ್ಜದೆ ಬಿಟ್ಟದ್ದು ಒಂದೂ ಇರಲಿಲ್ಲ.

"ಇಷ್ಟೊಂದು ನಂಬಿದ್ಯೇನಕ್ಕಾ ನನ್ ಹೊಡ್ತಾನ? ಮತ್ಯಾಕೆ ಬೆನಕಪ್ಪನ್ನ ನಿಲ್ಸಿದೆ?"

"ನಂಬಿದ್ಕೇ ಕಣೋ ಅವ್ನನ್ನ ನಿಲ್ಸಿದ್ದು."

ಅವನು ಅಷ್ಟನ್ನೂ ಮತ್ತೆ ಗಂಟು ಕಟ್ಟಿ ತನ್ನ ಜೇಬಿಗೆ ಹಾಕಿಕೊಂಡ.

"ಸೀರೆ ಉಟ್ಕಂಡ್ ಬಾ," ಎಂದ. "ಬಸ್ಸಿಗೆ ಹೊತ್ತಾತು."